ಬಾವಿ ನೀರಿಗೆ ಪೆಟ್ರೋಲ್ ವಾಸನೆ ಬಂದರೆ: ಸೂಕ್ಷ್ಮಜೀವಿಗಳಿಂದ ಕೆಲಸ ಮಾಡಿಸಿಕೊಳ್ಳುವ ಕ್ರಮ

ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66ರ ಪಕ್ಕದ ಊರುಗಳಲ್ಲಿ ಪೆಟ್ರೋಲ್ ಬಂಕ್, ಗ್ಯಾರೇಜು, ಲಾರಿ ನಿಲ್ಲುವ ಜಾಗ, ಮನೆಯ ಬಾವಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡೇ ಇವೆ. ತದಡಿ, ಬೇಲೆಕೇರಿ, ಬೈತಖೋಲದಂಥ ಬಂದರುಗಳಲ್ಲಿ ಬೋಟುಗಳಿಗೆ ಡೀಸೆಲ್ ತುಂಬುವ ಕೆಲಸ ದಿನಾ ನಡೆಯುತ್ತದೆ. ನೆಲವಾದರೂ ಎಂಥದ್ದು? ಸಮುದ್ರದ ದಂಡೆಗೆ ಮರಳು, ಸ್ವಲ್ಪ ಮೇಲೆ ಬಂದರೆ ಚಿರೆಕಲ್ಲು. ಎರಡೂ ಎಣ್ಣೆಯನ್ನು ತಡೆದು ನಿಲ್ಲಿಸುವ ಜಾತಿಯವಲ್ಲ. ನೆಲದಡಿಯ ಟ್ಯಾಂಕಿಗೆ ಸಣ್ಣ ತೂತು ಬಿದ್ದರೂ ಅದರ ಸುದ್ದಿ ಮೊದಲು ಮುಟ್ಟುವುದು ಪಕ್ಕದ ಮನೆಯವರ ಕೊಡಪಾನಕ್ಕೆ.

ಆಗ ಯಾರಾದರೂ ಬಂದು, ‘ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಸಿಗ್ತದಂತೆ ಮಾರಾಯ್ರೇ, ಒಂದು ಕ್ಯಾನ್ ತಂದು ಸುರಿದ್ರೆ ಆಯ್ತು’ ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜ ಇದೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಗಳನ್ನು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡಿಬಿಡುವ ಬ್ಯಾಕ್ಟೀರಿಯಾಗಳು ಇರುವುದು ಖರೆ. ಆದರೆ ಅವು ನಿಮ್ಮ ಹಿತ್ತಲಿನ ಮಣ್ಣಿನಲ್ಲಿ ಮೊದಲಿನಿಂದಲೂ ಇವೆ. ಅವು ಸೊರಗುವುದು ಬೇರೆ ಯಾವುದೋ ಒಂದು ಸಾಲದೆ. ಸಾಲದ್ದು ಯಾವುದೆಂದು ಹುಡುಕಿ ಅದನ್ನಷ್ಟೇ ಒದಗಿಸುವುದರಲ್ಲಿ ಈ ಇಡೀ ವಿದ್ಯೆ ಇದೆ. ಮುಂದೆ ಹೇಳುವ ಕೆಲಸಗಳಲ್ಲಿ ಕೆಲವನ್ನು ಮನೆಯವರೇ ಮಾಡಬಹುದು, ಕೆಲವನ್ನು ಬಲ್ಲವರಿಂದ ಮಾಡಿಸಬೇಕು. ಮಾಡಿಸುವಾಗಲೂ ಏನು ಕೇಳಬೇಕೆಂದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ.

ಮೊದಲ ದಿನ: ದೀಪ ಇಳಿಸಬೇಡಿ

ವಾಸನೆ ಬಂದ ದಿನವೇ ಆ ನೀರು ಕುಡಿಯುವುದನ್ನು ಬಿಡಿ. ಅಡುಗೆಗೂ ಬೇಡ, ಬಚ್ಚಲ ಹಂಡೆಗೂ ಬೇಡ. ಕುದಿಸಿದರೆ ಶುದ್ಧವಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪೆಟ್ರೋಲಿನಲ್ಲಿರುವ ಬೆಂಜೀನ್ ಹಬೆಯ ಜೊತೆ ಎದ್ದು ಬಾಗಿಲು ಮುಚ್ಚಿದ ಬಚ್ಚಲಲ್ಲಿ ಉಸಿರಿಗೆ ಸೇರುತ್ತದೆ. ಡೀಸೆಲ್ಲಿನ ಭಾರದ ಅಂಶ ಪಾತ್ರೆಯಲ್ಲೇ ಉಳಿಯುತ್ತದೆ.

ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪವನ್ನೋ ಸೂಡಿಯನ್ನೋ ಕಟ್ಟಿ ಇಳಿಸಿ, ಆರುತ್ತದೆಯೇ ನೋಡುವ ರೂಢಿ ನಮ್ಮಲ್ಲಿದೆ. ಉಸಿರುಕಟ್ಟುವ ಗಾಳಿಯ ಪತ್ತೆಗೆ ಅದು ಸರಿ. ಪೆಟ್ರೋಲ್ ಆವಿ ನಿಂತ ಬಾವಿಗೆ ಮಾತ್ರ ಖಂಡಿತ ಕೂಡದು. ಆ ಆವಿ ಗಾಳಿಗಿಂತ ಭಾರ, ಬಾವಿಯ ತಳದಲ್ಲೇ ಮಡುಗಟ್ಟಿರುತ್ತದೆ, ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. ಬೀಡಿ ಬೇಡ, ಬಾವಿಕಟ್ಟೆಯ ಮೇಲಿನ ಪಂಪಿನ ಸ್ವಿಚ್ಚನ್ನೂ ಮುಟ್ಟಬೇಡಿ, ತೊಳೆಯಲೆಂದು ಯಾರನ್ನೂ ಒಳಗೆ ಇಳಿಸಬೇಡಿ. ವಾಸನೆ ಗಾಢವಾಗಿದ್ದರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ಸುತ್ತಲಿನ ಮನೆಗಳಿಗೂ ತಿಳಿಸಿ.

ಮಳೆಗಾಲ ಬಂತೆಂದರೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ನಮಗೆ ಅಭ್ಯಾಸ. ಈಗ ಅದನ್ನು ಹಾಕಬಾರದು. ಅದರಿಂದ ಎಣ್ಣೆ ಹೋಗುವುದಿಲ್ಲ. ಎಣ್ಣೆ ತಿನ್ನಬೇಕಾದ ಜೀವಿಗಳು ಸಾಯುತ್ತವೆ.

ಅದು ಎಣ್ಣೆಯೇ ಹೌದೋ?

ಹೆದರುವ ಮೊದಲು ಒಂದು ಕಡ್ಡಿ ತೆಗೆದುಕೊಳ್ಳಿ. ಚಿರೆಕಲ್ಲಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಆ ಕಬ್ಬಿಣವನ್ನೇ ನೆಚ್ಚಿ ಬದುಕುವ ಬ್ಯಾಕ್ಟೀರಿಯಾಗಳು ಗದ್ದೆಯ ಬದಿಯ ಬಾವಿಗಳಲ್ಲಿ, ತೋಡುಗಳಲ್ಲಿ ನೀರಿನ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತವೆ. ಬಿಸಿಲು ಬಿದ್ದರೆ ಆ ಪೊರೆ ಥೇಟ್ ಡೀಸೆಲ್ ಚೆಲ್ಲಿದ ಹಾಗೆ ನೀಲಿ, ನೇರಳೆ, ಹಳದಿಯಾಗಿ ಹೊಳೆಯುತ್ತದೆ. ಬಾಲ್ದಿಗೆ ನೀರು ಸೇದಿ ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟು, ಪೊರೆಗೆ ಕಡ್ಡಿಯಿಂದ ಚುಚ್ಚಿ. ಒಡೆದ ಗಾಜಿನಂತೆ ಮೂಲೆಮೂಲೆಯ ಚೂರುಗಳಾಗಿ, ಆ ಚೂರುಗಳು ಬೇರೆಬೇರೆಯಾಗಿಯೇ ತೇಲುತ್ತಿದ್ದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ, ಪೆಟ್ರೋಲಿಗೂ ಅದಕ್ಕೂ ಸಂಬಂಧವಿಲ್ಲ. ಕಡ್ಡಿ ತೆಗೆದ ಕೂಡಲೇ ಹರಿದು ಬಂದು ಕೂಡಿಕೊಂಡರೆ, ಬಣ್ಣದ ಸುರುಳಿಗಳು ಕಡ್ಡಿಯ ಹಿಂದೆಯೇ ಸುತ್ತಿ ಬಂದರೆ ಎಣ್ಣೆ. ಬಂಕಿನವರ ಮೇಲೆ ಜಗಳಕ್ಕೆ ಹೋಗುವ ಮೊದಲು ಇಷ್ಟು ನೋಡಿಕೊಳ್ಳುವುದು ಮರ್ಯಾದೆ.

ಮೂಗಿನ ಸಾಕ್ಷಿಯನ್ನು ಒಂದೇ ದಿಕ್ಕಿಗೆ ನಂಬಬೇಕು. ವಾಸನೆ ಇದ್ದರೆ ಎಣ್ಣೆ ಇದೆ. ವಾಸನೆ ಇಲ್ಲ ಎಂದ ಮಾತ್ರಕ್ಕೆ ನೀರು ಸರಿ ಇದೆ ಎಂದಾಗುವುದಿಲ್ಲ. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನೀರಿನಲ್ಲಿ ಬೆಂಜೀನ್ ಒಂದೇ ಇದ್ದರೆ ಮನುಷ್ಯರ ಮೂಗಿಗೆ ಅದು ತಿಳಿಯುವುದು ಸುಮಾರು 10 ಮಿಲಿಗ್ರಾಂ ಆದಾಗ. ಸಾವಿರ ಪಟ್ಟು ವ್ಯತ್ಯಾಸ. ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತುವಿನ ವಿಷಯದಲ್ಲಿ ಮೂಗಿನ ಮೇಲೆ ಭರವಸೆ ಇಡಲಾಗದು.

ಸೋರುವುದನ್ನು ನಿಲ್ಲಿಸದೆ ಮುಂದಿನ ಹೆಜ್ಜೆ ಇಲ್ಲ

ಟ್ಯಾಂಕು ಸೋರುತ್ತಲೇ ಇದ್ದರೆ ಜಗತ್ತಿನ ಯಾವ ಬ್ಯಾಕ್ಟೀರಿಯಾವೂ ಗೆಲ್ಲುವುದಿಲ್ಲ. ಬಂಕಿನಲ್ಲಿ ದಿನಾ ಡಿಪ್ ಕೋಲು ಇಳಿಸಿ ಬರೆಯುವ ದಾಸ್ತಾನಿನ ಲೆಕ್ಕ, ಪಂಪಿನ ಮೀಟರಿನಲ್ಲಿ ಮಾರಾಟವಾದ ಲೆಕ್ಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸೋರಿಕೆ ತಾನಾಗಿ ಕಾಣುತ್ತದೆ. ದಿನದಿನವೂ ಒಂದೇ ದಿಕ್ಕಿಗೆ ಕೊರತೆ ಬೀಳುತ್ತಿದ್ದರೆ ಅದು ಅಳತೆಯ ತಪ್ಪಲ್ಲ. ಗ್ಯಾರೇಜಾದರೆ ಹಳೆ ಆಯಿಲ್ ಸುರಿಯುವ ಮೂಲೆ, ಎಂಜಿನ್ ತೊಳೆದ ನೀರು ಹೋಗುವ ಗಟಾರ ನೋಡಿ. ಜನರೇಟರಿನ ಡೀಸೆಲ್ ಪೈಪನ್ನು ಮರೆಯಬೇಡಿ. ಕಲ್ಯಾಣಮಂಟಪಗಳ ಹಿಂದುಗಡೆ ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ.

ದೂರನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಕೊಡಿ: ಗ್ರಾಮ ಪಂಚಾಯ್ತಿಗೆ ಅಥವಾ ನಗರಸಭೆಗೆ, ಕಾರವಾರದಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದೊಂದು ಪ್ರತಿ. ಅಂತರ್ಜಲವನ್ನು ಕೆಡಿಸುವುದನ್ನು 1974ರ ಜಲ ಕಾಯ್ದೆ ನಿಷೇಧಿಸುತ್ತದೆ. ಕೆಡಿಸಿದವರೇ ಶುದ್ಧೀಕರಣದ ಖರ್ಚು ಹೊರಬೇಕು ಎಂಬ ತತ್ವವನ್ನು ನಮ್ಮ ನ್ಯಾಯಾಲಯಗಳು ಒಪ್ಪಿವೆ. ಎಲ್ಲೂ ಕೆಲಸವಾಗದಿದ್ದರೆ ಚೆನ್ನೈನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ದೂರಿನ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಇಟ್ಟಿರಿ.

ನೀರು ಯಾವ ಕಡೆಗೆ ಹರಿಯುತ್ತಿದೆ? ಮೂರು ಬಾವಿ, ಒಂದು ಲೆವೆಲ್ ಪೈಪು

ಎಣ್ಣೆ ಕಲೆತ ನೀರು ನೆಲದಡಿ ಎತ್ತ ಸಾಗುತ್ತಿದೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಗಾರೆ ಕೆಲಸದವರ ಹತ್ತಿರ ಇರುವ, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಸಾಕು. ಒಂದೇ ಸಾಲಿನಲ್ಲಿಲ್ಲದ, ತ್ರಿಕೋನವಾಗಿ ಬರುವ ಮೂರು ಬಾವಿ ಆರಿಸಿ. ಲೆವೆಲ್ ಪೈಪಿನಿಂದ ಮೂರು ಬಾವಿಕಟ್ಟೆಗೂ ಒಂದೇ ಮಟ್ಟದ ಗೆರೆ ಹಾಕಿ. ಬೆಳಗಿನ ಜಾವ, ಯಾರೂ ಪಂಪು ಹಾಕುವ ಮೊದಲು, ಆ ಗೆರೆಯಿಂದ ನೀರಿನವರೆಗೆ ಟೇಪು ಬಿಟ್ಟು ಅಳೆಯಿರಿ. ಒಂದರಲ್ಲಿ 4.10 ಮೀಟರ್, ಇನ್ನೊಂದರಲ್ಲಿ 4.35, ಹೊಳೆ ಕಡೆಯದರಲ್ಲಿ 4.80 ಬಂತೆನ್ನಿ. ಅಳತೆ ಕಡಿಮೆ ಇದ್ದಲ್ಲಿ ನೀರು ಎತ್ತರದಲ್ಲಿದೆ. ಹರಿವು ಅಲ್ಲಿಂದ 4.80ರ ಕಡೆಗೆ. ಹಾಗಾದರೆ ಮುಂದೆ ಕೆಡುವ ಸರದಿ ಯಾರ ಬಾವಿಯದು, ಪರೀಕ್ಷೆಗೆ ಎಲ್ಲೆಲ್ಲಿಂದ ನೀರು ತೆಗೆಯಬೇಕು ಎಂಬುದು ಕಾಗದದ ಮೇಲೆ ಕಾಣುತ್ತದೆ. ಸೋರಿಕೆಯ ಮೇಲ್ಭಾಗದ ಒಂದು ಶುದ್ಧ ಬಾವಿಯನ್ನು ಗುರುತು ಹಾಕಿಡಿ. ಮುಂದಿನ ಹೋಲಿಕೆಗೆಲ್ಲ ಅದೇ ಆಧಾರ.

ಇದನ್ನು ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಮಾಡಬೇಕು. ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಚಿರೆಕಲ್ಲಿನ ಬಾವಿಯ ನೀರು ಕೆಲವು ಮೀಟರ್ ಏರಿ ಮತ್ತೆ ಇಳಿಯುತ್ತದೆ. ಎಣ್ಣೆ ನೀರಿನ ಮೇಲೆ ತೇಲುವುದರಿಂದ ಅದೂ ಜೊತೆಗೇ ಏರಿ ಇಳಿದು, ಅಷ್ಟೂ ಎತ್ತರದ ಮಣ್ಣಿಗೆ ಬಳಿದುಕೊಳ್ಳುತ್ತದೆ. ‘ಆಷಾಢದಲ್ಲಿ ವಾಸನೆ ಹೋಗಿತ್ತು, ಬೇಸಗೆಗೆ ಮತ್ತೆ ಬಂತು’ ಎಂದು ಜನ ಹೇಳುವುದರ ಹಿಂದಿನ ಕಾರಣ ಇದು. ಮಳೆಗಾಲದಲ್ಲಿ ಎಣ್ಣೆ ಮಣ್ಣಿನೊಳಗೆ ನೀರಿನಡಿ ಸಿಕ್ಕಿಬಿದ್ದಿತ್ತು, ಮೇಲಿನ ನೀರು ಮಳೆಯಿಂದ ತಿಳಿಯಾಗಿತ್ತು, ಅಷ್ಟೇ.

ಪರೀಕ್ಷೆ: ಎರಡು ಪಟ್ಟಿ

ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಕೇಳಿ. ಇದ್ದರೂ ಸಾಲದು, ನಿಮಗೆ ಬೇಕಾದ ಪರೀಕ್ಷೆಗೇ ಮಾನ್ಯತೆ ಇದೆಯೇ ಎಂದು ಕೇಳಿ. ಸಾಮಾನ್ಯ ಕುಡಿಯುವ ನೀರಿನ ವರದಿಯಲ್ಲಿ ಗಡಸುತನ, ಕ್ಲೋರೈಡು, ಕೋಲಿಫಾರ್ಮ್ (ಹೊಲಸು ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಬರುತ್ತವೆ, ಪೆಟ್ರೋಲ್ ಬರುವುದಿಲ್ಲ.

ಮೊದಲ ಪಟ್ಟಿ ಏನು ಸೇರಿದೆ ಎಂದು ತಿಳಿಯಲು: ಬೆಂಜೀನ್, ಟಾಲ್ಯೂಯಿನ್, ಈಥೈಲ್‌ಬೆಂಜೀನ್, ಕ್ಸೈಲೀನ್, ಜೊತೆಗೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್. ಇದಕ್ಕೆ ಪ್ರಯೋಗಾಲಯದವರೇ ಕೊಡುವ 40 ಮಿಲಿಲೀಟರಿನ ಗಾಜಿನ ಸೀಸೆ ಬೇಕು. ಅಂಚಿನವರೆಗೆ ತುಂಬಿ ಮುಚ್ಚಳ ಹಾಕಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ನೋಡಿ. ಗುಳ್ಳೆ ಮೇಲೆದ್ದರೆ ಮತ್ತೆ ತುಂಬಬೇಕು. ಆ ಗುಳ್ಳೆಯೊಳಗೇ ಬೆಂಜೀನ್ ತಪ್ಪಿಸಿಕೊಳ್ಳುತ್ತದೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಕಳಿಸಿ, ಮೀನು ತಂದ ಪೆಟ್ಟಿಗೆ ಬೇಡ. ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದವರು ಅದೇ ಕೈಯಲ್ಲಿ ಸೀಸೆ ಮುಟ್ಟಬಾರದು. ಮೇಲಿನ ಟ್ಯಾಂಕಿನ ನಲ್ಲಿ ನೀರು ಆಗುವುದಿಲ್ಲ, ಬಾವಿಯದೇ ಬೇಕು.

ಎರಡನೇ ಪಟ್ಟಿ ಕಡಿಮೆ ಖರ್ಚಿನದು, ನನ್ನ ಲೆಕ್ಕದಲ್ಲಿ ಹೆಚ್ಚು ಬೆಲೆಯದು: ಕರಗಿದ ಆಮ್ಲಜನಕ, ನೈಟ್ರೇಟ್, ಕರಗಿದ ಕಬ್ಬಿಣ, ಸಲ್ಫೇಟ್, ಪಿಎಚ್, ಕ್ಷಾರೀಯತೆ. ಆಮ್ಲಜನಕವನ್ನು ಮೀಟರ್ ತಂದು ಬಾವಿಯ ಹತ್ತಿರವೇ ಅಳೆಯಬೇಕು. ಈ ಪಟ್ಟಿ ಸೂಕ್ಷ್ಮಜೀವಿಗಳ ನಾಡಿ ಹಿಡಿದು ನೋಡುವ ಕ್ರಮ. ಅವು ಎಣ್ಣೆ ತಿನ್ನುವಾಗ ಮೊದಲು ಆಮ್ಲಜನಕ ಉಸಿರಾಡುತ್ತವೆ. ಅದು ಮುಗಿದರೆ ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್. ಕೊನೆಗೆ ಏನೂ ಇಲ್ಲದಾಗ ಮೀಥೇನ್ ಹುಟ್ಟುತ್ತದೆ. ಮೇಲ್ಭಾಗದ ಶುದ್ಧ ಬಾವಿಗೆ ಹೋಲಿಸಿದರೆ ಕೆಟ್ಟ ಬಾವಿಯಲ್ಲಿ ಆಮ್ಲಜನಕ ಸೊನ್ನೆಗೆ ಬಂದು, ನೈಟ್ರೇಟ್ ಮಾಯವಾಗಿ, ಕರಗಿದ ಕಬ್ಬಿಣ ಏರಿ, ಸಲ್ಫೇಟ್ ಇಳಿದಿದ್ದರೆ ಅಲ್ಲಿ ಜೀವಿಗಳು ಆಗಲೇ ದುಡಿಯುತ್ತಿವೆ ಎಂದರ್ಥ. ಅಮೆರಿಕದ ಮಿನ್ನೆಸೋಟದ ಬೆಮಿಜಿ ಎಂಬಲ್ಲಿ 1979ರಲ್ಲಿ ಕಚ್ಚಾತೈಲದ ಕೊಳವೆ ಒಡೆದ ಜಾಗವನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು ತೋರಿಸಿದ್ದೂ ಇದನ್ನೇ. ಅದು ಚಳಿದೇಶ. ನಮ್ಮ ಬಾವಿ ನೀರಿನ ಬೆಚ್ಚಗಿನ ಹದ ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಬಹಳ ಹಿತ.

ಉಪ್ಪುನೀರು ಏರಿಬರುವ ಗಜನಿ ಭೂಮಿಯ ಹತ್ತಿರ, ಅಘನಾಶಿನಿ ಅಥವಾ ಗಂಗಾವಳಿಯ ಅಳಿವೆಯ ಬದಿಯಲ್ಲಿ ಈ ಓದು ಸ್ವಲ್ಪ ಬದಲಾಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇದೆ. ಉಪ್ಪುನೀರು ಸೇರುವ ಬಾವಿಯಲ್ಲಿ ಜೀವಿಗಳಿಗೆ ಉಸಿರಾಡಲು ಸಲ್ಫೇಟಿನ ಕೊರತೆ ಇರುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಅವುಗಳ ಗುರುತು. ಚಿರೆಕಲ್ಲಿನ ಸೀಮೆಯಲ್ಲಿ ಕಬ್ಬಿಣ ಧಾರಾಳ ಇದ್ದರೂ ಅದು ಗಟ್ಟಿಕಟ್ಟಿದ ಕಬ್ಬಿಣ, ಜೀವಿಗಳಿಗೆ ಸುಲಭಕ್ಕೆ ದಕ್ಕುವುದಿಲ್ಲ. ಬೆಂಜೀನ್ ಮಾತ್ರ ಎಲ್ಲ ಕಡೆಯೂ ಹಟಮಾರಿ. ಆಮ್ಲಜನಕವಿಲ್ಲದೆ ಜೀವಿಗಳು ಅದನ್ನು ತಿಂದು ಮುಗಿಸುವುದು ಬಲು ನಿಧಾನ.

ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಗಾಳಿ ಬೇಕು

ಈ ಲೆಕ್ಕ ಒಮ್ಮೆ ಮಾಡಿದವರು ಬಾಟಲಿ ಬ್ಯಾಕ್ಟೀರಿಯಾದ ಆಸೆ ಬಿಡುತ್ತಾರೆ. ಒಂದು ಗ್ರಾಂ ಬೆಂಜೀನನ್ನು ಜೀವಿಗಳು ಪೂರ್ತಿ ತಿಂದು ಮುಗಿಸಲು ಸುಮಾರು 3 ಗ್ರಾಂ ಆಮ್ಲಜನಕ ಬೇಕು. ಪೆಟ್ರೋಲಿನ ಉಳಿದ ಅಂಶಗಳಿಗೂ ಅಷ್ಟೇ, ಇಲ್ಲವೇ ತುಸು ಹೆಚ್ಚು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ ಎನ್ನಿ. ಬೇಕಾಗುವ ಆಮ್ಲಜನಕ ಸುಮಾರು ಎರಡೂಕಾಲರಿಂದ ಎರಡೂವರೆ ಕಿಲೋ. ನಮ್ಮ ಹವೆಯ ಬಿಸಿಗೆ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ ಹೆಚ್ಚೆಂದರೆ 8 ಮಿಲಿಗ್ರಾಂ. ಅಂದರೆ ಒಂದೇ ಲೀಟರ್ ಪೆಟ್ರೋಲ್ ಸುಮಾರು ಮೂರು ಲಕ್ಷ ಲೀಟರ್ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಮೂರು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು 21 ಸಾವಿರ ಲೀಟರ್. ಹದಿನಾಲ್ಕು ಬಾವಿಯ ಉಸಿರು ಒಂದು ಲೀಟರ್ ಪೆಟ್ರೋಲಿಗೆ!

ಆದ್ದರಿಂದ ಮೊದಲು ತೇಲುವ ಎಣ್ಣೆಯನ್ನು ಕೈಯಾರೆ ತೆಗೆಸಬೇಕು. ಎಣ್ಣೆ ಹೀರುವ ಹಾಸು ಅಥವಾ ಮೇಲ್ಪದರ ಮಾತ್ರ ಎಳೆಯುವ, ಕಿಡಿ ಹಾರದ ಪಂಪಿನಿಂದ, ಬಲ್ಲವರೇ ಈ ಕೆಲಸ ಮಾಡಬೇಕು. ತೆಗೆದದ್ದು ಅಪಾಯಕಾರಿ ತ್ಯಾಜ್ಯ. ಅದನ್ನು ಮಂಡಳಿಯ ಪರವಾನಗಿ ಇರುವವರಿಗೇ ಕೊಡಬೇಕು. ತೋಡಿಗೆ ಸುರಿದರೆ ಪಾಪ ಕೆಳಗಿನ ಕೇರಿಗೆ ಹೋಗುತ್ತದೆ.

ಅಗೆದ ಮಣ್ಣಿಗೆ ಚಿಕಿತ್ಸೆ: ದೀಪಾವಳಿ ಕಳೆದ ಮೇಲೆ ಶುರು ಮಾಡಿ

ಟ್ಯಾಂಕಿನ ಸುತ್ತ ಎಣ್ಣೆ ಕುಡಿದ ಮಣ್ಣು ಇರುವವರೆಗೆ ಪ್ರತಿ ಮಳೆಯೂ ಅದನ್ನು ತೊಳೆದು ಬಾವಿಗೆ ತರುತ್ತದೆ. ಆ ಮಣ್ಣನ್ನು ಅಗೆದು ಮೇಲಕ್ಕೆ ತಂದು ರಾಶಿ ಹಾಕಿ ಜೀವಿಗಳಿಂದ ಶುದ್ಧಗೊಳಿಸುವುದು ಈ ವಿದ್ಯೆಯಲ್ಲೇ ಸುಲಭದ್ದು, ಫಲ ಕಣ್ಣಿಗೆ ಕಾಣುವಂಥದ್ದು. ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು ಮಾಡಿ. ನವೆಂಬರಿನಲ್ಲಿ ಹಿಡಿದರೆ ಮಳೆ ಹಿಡಿಯುವ ಮೊದಲು ಆರು ತಿಂಗಳು ಸಿಗುತ್ತವೆ.

ಬಾವಿ, ತೋಡುಗಳಿಂದ ದೂರದ ಎತ್ತರದ ಜಾಗದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಮಣ್ಣಿನ ದಂಡೆ ಕಟ್ಟಿ. ಮಣ್ಣನ್ನು ಸೊಂಟದೆತ್ತರಕ್ಕಿಂತ ಮೇಲೆ ಪೇರಿಸಬೇಡಿ. ಮಧ್ಯೆ ತೂತು ಕೊರೆದ ಪಿವಿಸಿ ಪೈಪುಗಳನ್ನು ಅಡ್ಡ ಮಲಗಿಸಿ, ಎರಡೂ ತುದಿ ಹೊರಗಿರಲಿ. ಮಣ್ಣು ಅಂಟಾಗಿದ್ದರೆ, ಅದರಲ್ಲೂ ಚಿರೆಕಲ್ಲಿನಡಿಯ ಶೇಡಿಮಣ್ಣು ಸೇರಿದ್ದರೆ, ಭತ್ತದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ ಸಡಿಲ ಮಾಡಿ. ಮೇಲೆ ತಾಡಪಾಲು.

ಇನ್ನು ಗೊಬ್ಬರ. ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ, ಸಾರಜನಕ ಮತ್ತು ರಂಜಕ ಇಲ್ಲ. ಇಂಗಾಲ 100 ಇದ್ದರೆ ಸಾರಜನಕ 10, ರಂಜಕ 1 ಎಂಬುದು ರೂಢಿಯ ಅಳತೆ. ಒಂದು ಟನ್ ಮಣ್ಣಿನಲ್ಲಿ ಕಿಲೋಗೆ 5 ಗ್ರಾಂನಂತೆ ಎಣ್ಣೆ ಇದೆ ಎಂದಾದರೆ ಒಟ್ಟು ಎಣ್ಣೆ 5 ಕಿಲೋ, ಅದರಲ್ಲಿ ಇಂಗಾಲ ಸುಮಾರು ನಾಲ್ಕೂಕಾಲು ಕಿಲೋ. ಅದಕ್ಕೆ 900 ಗ್ರಾಂ ಯೂರಿಯಾ, 600 ಗ್ರಾಂ ಸೂಪರ್ ಫಾಸ್ಫೇಟ್ ಸಾಕು. ಒಮ್ಮೆಲೇ ಹಾಕಬೇಡಿ, ಮೂರು ಕಂತು ಮಾಡಿ; ಯೂರಿಯಾ ಹೆಚ್ಚಾದರೆ ಅಮೋನಿಯಾ ಎದ್ದು ಜೀವಿಗಳೇ ಸಾಯುತ್ತವೆ. ಚಿರೆಮಣ್ಣು ಹುಳಿ ಗುಣದ್ದು. ಪಿಎಚ್ 6ಕ್ಕಿಂತ ಕೆಳಗಿದ್ದರೆ ಕೃಷಿ ಸುಣ್ಣವನ್ನೋ ಸುಡದ ಚಿಪ್ಪಿನ ಪುಡಿಯನ್ನೋ ಬೆರೆಸಿ. ಗೋಡೆಗೆ ಬಳಿಯುವ ಸುಟ್ಟ ಸುಣ್ಣ ತೀರಾ ಖಾರ, ಅದು ಬೇಡ.

ತೇವದ ಹದಕ್ಕೆ ಕೈಯೇ ಮಾಪಕ: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಕೈಗೆ ರಬ್ಬರ್ ಗವಸು ಇರಲಿ. ಎರಡು ವಾರಕ್ಕೊಮ್ಮೆ ರಾಶಿ ಮಗುಚಿ. ಜೀವಿಗಳು ಚುರುಕಾದರೆ ರಾಶಿಯ ಒಳಗೆ ಕೈಗೆ ತಿಳಿಯುವಷ್ಟು ಬಿಸಿ ಬರುತ್ತದೆ, ಡೀಸೆಲ್ ವಾಸನೆ ಸರಿದು ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಆದರೂ ಪ್ರಯೋಗಾಲಯದ ವರದಿ ಬರುವವರೆಗೆ ಆ ಮಣ್ಣನ್ನು ತೋಟಕ್ಕೆ ಹಾಕಬೇಡಿ.

ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಈ ಕ್ರಮಕ್ಕೆ ಬಗ್ಗುತ್ತವೆ. ಫರ್ನೇಸ್ ಆಯಿಲ್, ಡಾಂಬರು ಬಗ್ಗುವುದಿಲ್ಲ, ಅಥವಾ ವರ್ಷಗಟ್ಟಲೆ ಹಿಡಿಯುತ್ತದೆ. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯ ಎಂಬ ಹಡಗು ಕಾರವಾರದ ಹತ್ತಿರದ ಆಯ್‌ಸ್ಟರ್ ರಾಕ್ ಬಂಡೆಗೆ ಬಡಿದು ಚೆಲ್ಲಿದ್ದು ಆ ಜಾತಿಯ ಭಾರದ ಇಂಧನ. ಅಂಥದ್ದನ್ನು ಗುದ್ದಲಿ, ಬಕೆಟ್ಟಿನಿಂದ ಬಾಚಿ ತೆಗೆಯುವುದೇ ಮೊದಲ ಕೆಲಸ.

ನೆಲದಡಿಗೆ ಗಾಳಿ ಊದುವುದು

ನೀರಿನಲ್ಲಿ ಕರಗಿ ಉಳಿದ ಎಣ್ಣೆಗೆ ನೆಲದಡಿಯೇ ಆಮ್ಲಜನಕ ತಲುಪಿಸಬೇಕು. ಕೊಳವೆ ಕೊರೆದು, ಕೆಟ್ಟ ನೀರಿನ ಪದರಕ್ಕಿಂತ ಕೆಳಗೆ ತೂತಿನ ಪೈಪು ಇಳಿಸಿ, ಕಂಪ್ರೆಸರಿನಿಂದ ಮೆಲ್ಲಗೆ, ಬಿಟ್ಟುಬಿಟ್ಟು ಗಾಳಿ ಊದುತ್ತಾರೆ. ಜೋರಾಗಿ ಊದಿದರೆ ಬೆಂಜೀನ್ ಆವಿಯಾಗಿ ಮೇಲೆದ್ದು ಪಕ್ಕದ ಮನೆಯ ಕೋಣೆಗೆ ಸೇರೀತು. ಇದು ಅನುಭವಿ ಎಂಜಿನಿಯರುಗಳ ಕೆಲಸ; ಸೈಕಲ್ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಬಾವಿಗೆ ಬಿಡುವುದಲ್ಲ. ಕಂಪ್ರೆಸರ್ ಬೇಡವೆಂದರೆ ನೀರಿನಲ್ಲಿ ಮೆಲ್ಲನೆ ಆಮ್ಲಜನಕ ಬಿಡುವ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಪೆರಾಕ್ಸೈಡನ್ನು ಕೊಳವೆಗೆ ಇಳಿಸುವ ಕ್ರಮವೂ ಇದೆ.

ಮರಳಿನ ದಂಡೆಯಲ್ಲಿ ಗಾಳಿ ಚೆನ್ನಾಗಿ ಹಬ್ಬುತ್ತದೆ. ಚಿರೆಕಲ್ಲಿನದೇ ತಕರಾರು. ಅದರೊಳಗೆ ಕೊಳವೆಯಂಥ ಬಿಲಗಳಿವೆ. ಗಾಳಿ ಸುಲಭದ ಬಿಲ ಹಿಡಿದು ಹೊರಟುಹೋಗಿ ಉಳಿದ ಕಡೆ ಮುಟ್ಟದೇ ಇರಬಹುದು. ಮೇಲಾಗಿ ಕರಗಿದ ಕಬ್ಬಿಣಕ್ಕೆ ಗಾಳಿ ತಗುಲಿದರೆ ತುಕ್ಕಾಗಿ ಪೈಪಿನ ತೂತು ಮುಚ್ಚುತ್ತದೆ. ಗುತ್ತಿಗೆ ಕೇಳಿ ಬಂದವರಿಗೆ ಮೂರು ಪ್ರಶ್ನೆ ಹಾಕಿ: ಇಲ್ಲಿ ಜೀವಿಗಳಿಗೆ ಯಾವುದರ ಕೊರತೆ ಎಂದು ಯಾವ ಅಳತೆಯಿಂದ ಹೇಳುತ್ತೀರಿ? ಎಣ್ಣೆ ಇಳಿದದ್ದು ಮಳೆ ನೀರು ಬೆರೆತೋ, ಜೀವಿಗಳಿಂದಲೋ ಎಂದು ಹೇಗೆ ತೋರಿಸುತ್ತೀರಿ? ಗಾಳಿ ನಿಲ್ಲಿಸಿದ ಮೇಲೆ ಎಷ್ಟು ತಿಂಗಳು ಪರೀಕ್ಷೆ ಮಾಡುತ್ತೀರಿ? ಮೂರಕ್ಕೂ ಉತ್ತರದ ಬದಲು ಕ್ಯಾಟಲಾಗ್ ಕೈಗೆ ಬಂದರೆ ಚಹಾ ಕೊಟ್ಟು ಕಳಿಸಿ.

ಬಾಟಲಿ, ಜೀವಾಮೃತ, ಜೋನಿಬೆಲ್ಲ

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾವನ್ನು ಜನಪ್ರಿಯ ಮಾಡಿದವರು ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿ. ಅವರು ರೂಪಿಸಿದ ಸ್ಯೂಡೋಮೊನಾಸ್ ತಳಿಗೆ ಪೇಟೆಂಟ್ ಕೊಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ತೀರ್ಪಿತ್ತಿತು. ತೀರ್ಪು ಹೆಸರುವಾಸಿಯಾಯಿತು, ಆ ತಳಿ ಮಾತ್ರ ಸಮುದ್ರದ ಎಣ್ಣೆ ತಿನ್ನಲು ಇಳಿಯಲಿಲ್ಲ. ನಮ್ಮ ದೇಶದಲ್ಲಿ ದೆಹಲಿಯ ಟೆರಿ ಎಂಬ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿದ ಆಯಿಲ್‌ಜ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣ ತೈಲ ಶುದ್ಧೀಕರಣಾಗಾರಗಳ ಗಸಿ, ಎಣ್ಣೆ ಬಿದ್ದ ಹೊಲಗಳ ಮಣ್ಣಿಗೆ ಬಳಕೆಯಾಗಿದೆ. ಅಂಥದ್ದಕ್ಕೆ ಅದು ಸರಿ. ಮನೆ ಬಾವಿಗೆ ಹೊರಗಿನ ಬ್ಯಾಕ್ಟೀರಿಯಾ ಸುರಿಯುವುದು ದುಡ್ಡು ದಂಡ.

ಜೀವಾಮೃತ ಹಾಕೋಣವೇ ಎಂದು ಶಿರಸಿ ಕಡೆಯ ತೋಟಿಗರು ಕೇಳುತ್ತಾರೆ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಬಾವಿಗೆ ಬಿದ್ದರೆ ಇರುವ ಅಲ್ಪಸ್ವಲ್ಪ ಆಮ್ಲಜನಕವನ್ನು ಬೆಲ್ಲ ತಿನ್ನುವ ಜೀವಿಗಳೇ ಕಬಳಿಸುತ್ತವೆ, ಎಣ್ಣೆ ಹಾಗೇ ಕೂರುತ್ತದೆ, ಮೇಲಿಂದ ಕೋಲಿಫಾರ್ಮ್ ಬೇರೆ. ಬಾವಿಗೆ ಯೂರಿಯಾ ಹಾಕುವುದೂ ಅಷ್ಟೇ ಕೆಟ್ಟದ್ದು, ಅದು ಕ್ರಮೇಣ ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿ ಇರುವುದು ಹಸುಗೂಸುಗಳ ರಕ್ತಕ್ಕೆ ಅದು ಮುಳುವಾಗುವುದರಿಂದ.

ಬೆಲ್ಲಕ್ಕೆ ಒಂದೇ ಕಡೆ ಕೆಲಸವಿದೆ. ಲೋಹದ ಬಿಡಿಭಾಗ ತೊಳೆಯಲು, ಡ್ರೈಕ್ಲೀನಿಂಗಿಗೆ ಬಳಸುವ ಟ್ರೈಕ್ಲೋರೋಎಥಿಲೀನ್‌ನಂಥ ಕ್ಲೋರಿನ್ ದ್ರಾವಕಗಳು ನೆಲಕ್ಕಿಳಿದಿದ್ದರೆ ಅಲ್ಲಿನ ಕ್ರಮವೇ ತಿರುಗುಮುರುಗು. ಅಲ್ಲಿ ಗಾಳಿ ಊದಬಾರದು, ಇರುವ ಆಮ್ಲಜನಕವನ್ನೂ ಮುಗಿಸಬೇಕು. ಕಾಕಂಬಿ, ಖಾದ್ಯತೈಲ ಇಂಥದ್ದನ್ನು ನೆಲದಡಿ ಇಳಿಸುತ್ತಾರೆ. ನಮ್ಮ ಜೋನಿಬೆಲ್ಲವೂ (ನೀರಾಗಿರುವ ಬೆಲ್ಲ) ಅದೇ ಗುಣದ್ದು. ಆಮ್ಲಜನಕ ಕಂಡರಾಗದ ಡೀಹ್ಯಾಲೋಕಾಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಆಗ ಒಂದೊಂದೇ ಕ್ಲೋರಿನ್ ಕಿತ್ತು ನಿರುಪದ್ರವಿ ಎಥಿಲೀನ್ ಮಾಡುತ್ತದೆ. ಅದು ಎಲ್ಲ ನೆಲದಲ್ಲೂ ಇರುವುದಿಲ್ಲ, ಹೊರಗಿನಿಂದ ತಂದು ಬಿಡಬೇಕಾದ ಅಪರೂಪದ ಪ್ರಸಂಗ ಇದೊಂದು. ಅದಿಲ್ಲದೆ ಕೆಲಸ ಅರ್ಧಕ್ಕೆ ನಿಂತರೆ ಮೊದಲಿನದಕ್ಕಿಂತ ಕೆಟ್ಟ ವೈನಿಲ್ ಕ್ಲೋರೈಡ್ ಉಳಿಯುತ್ತದೆ. ಮನೆಯಲ್ಲಿ ಪ್ರಯೋಗ ಮಾಡುವ ವಿಷಯವೇ ಅಲ್ಲ.

ಲೋಹಗಳನ್ನು ಯಾವ ಜೀವಿಯೂ ತಿಂದು ಮುಗಿಸಲಾರದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತಿನ ತಾಮ್ರ ತಾಮ್ರವಾಗಿಯೇ ಮಣ್ಣಿನಲ್ಲಿ ಉಳಿಯುತ್ತದೆ. ಕ್ರೋಮಿಯಂನ ವಿಷರೂಪವನ್ನು ಕರಗದ ರೂಪಕ್ಕೆ ತಿರುಗಿಸಿ ತಳಕ್ಕೆ ಕೂರಿಸುವಷ್ಟು ಕೆಲಸ ಜೀವಿಗಳಿಂದ ಆದೀತು. ಉಪ್ಪುನೀರಿಗೆ ಅದೂ ಇಲ್ಲ.

ಶುದ್ಧವಾಯಿತು ಎಂದು ಯಾವಾಗ ಹೇಳುವುದು

ಮೇ ತಿಂಗಳ ವರದಿಯನ್ನು ಮುಂದಿನ ಮೇ ತಿಂಗಳಿನದರ ಜೊತೆ, ಅಕ್ಟೋಬರಿನದನ್ನು ಅಕ್ಟೋಬರಿನದರ ಜೊತೆ ಮಾತ್ರ ಹೋಲಿಸಿ. ಮೇ ಮತ್ತು ಆಗಸ್ಟ್ ವರದಿ ಅಕ್ಕಪಕ್ಕ ಇಟ್ಟು ‘ತೊಂಬತ್ತು ಪರ್ಸೆಂಟ್ ಶುದ್ಧ’ ಎಂದು ಯಾರಾದರೂ ಹೇಳಿದರೆ, ಅದು ಮಳೆರಾಯನ ಕೆಲಸ. ಬೆರೆತು ತಿಳಿಯಾಗಿದ್ದರೆ ಕ್ಲೋರೈಡಿನಂಥ, ಜೀವಿಗಳು ಮುಟ್ಟದ ಅಂಶವೂ ಅಷ್ಟೇ ಪಟ್ಟು ಇಳಿದಿರುತ್ತದೆ. ಕ್ಲೋರೈಡ್ ಇದ್ದಷ್ಟೇ ಇದ್ದು ಬೆಂಜೀನ್ ಇಳಿದಿದ್ದರೆ ಜೀವಿಗಳ ಕೆಲಸ ಎನ್ನಲು ಅಡ್ಡಿಯಿಲ್ಲ. ಉಪ್ಪುನೀರು ನುಗ್ಗುವ ಬಾವಿಗಳಿಗೆ ಈ ಉಪಾಯ ಹೊಂದುವುದಿಲ್ಲ.

ಗಾಳಿ ಊದುವುದನ್ನು ನಿಲ್ಲಿಸಿದ ಮೇಲೆ ಕೆಲವು ತಿಂಗಳಿಗೆ ಬೆಂಜೀನ್ ಮತ್ತೆ ತಲೆ ಎತ್ತುವುದು ಮಾಮೂಲು. ಮಣ್ಣಿಗೆ ಅಂಟಿದ್ದು ನಿಧಾನ ಬಿಡುತ್ತಿರುತ್ತದೆ. ನಿಲ್ಲಿಸಿದ ಮೇಲಿನ ಎರಡು ಬೇಸಗೆಗಳಲ್ಲೂ ಬೆಂಜೀನ್ 0.01ಕ್ಕಿಂತ ಕೆಳಗೆ ನಿಂತು, ಆಮ್ಲಜನಕ ಮೇಲ್ಭಾಗದ ಶುದ್ಧ ಬಾವಿಯ ಮಟ್ಟಕ್ಕೆ ಹತ್ತಿರ ಬಂದರೆ ಬಾವಿಯನ್ನು ಪೂರ್ತಿ ಖಾಲಿ ಮಾಡಿಸಿ, ಕಲ್ಲುಗೋಡೆ ಉಜ್ಜಿಸಿ, ಹಗ್ಗ, ರಾಟೆ, ಫುಟ್‌ವಾಲ್ವ್ ಹೊಸದು ಹಾಕಿಸಿ, ಕೊನೆಯದಾಗಿ ಬ್ಲೀಚಿಂಗ್ ಪೌಡರ್ ಹಾಕಿಸಿ. ಈಗ ಅದಕ್ಕೆ ಅಡ್ಡಿಯಿಲ್ಲ. ವರದಿಗಳ ಒಂದು ಕಟ್ಟು ಪಂಚಾಯ್ತಿಯ ಕಡತಕ್ಕೆ ಸೇರಲಿ, ಒಂದು ಮನೆಯಲ್ಲಿರಲಿ. ಬಂಕಿನ ಮಾಲೀಕರು ಬದಲಾದರೂ ನೆಲದಡಿಯ ಟ್ಯಾಂಕು ಅದೇ ಇರುತ್ತದೆ.